ಆಡಿದವರ ಮಾತು

ಪುಸ್ತಕವನ್ನು ಓದದೆ ಅದರ ಮೇಲೆ ತೀರ್ಪು ಕೊಡುವವನನ್ನು ನಾವು ವಿಮರ್ಶಕನೆಂದು ಕರೆಯುವುದಿಲ್ಲ. ನಾಟಕವನ್ನು ನೋಡದೆ ಹಳಿಯುವವನಿಗೆ ಸಭೆಯಲ್ಲಿ ಎದ್ದು ಮಾತನಾಡುವ ಅಧಿಕಾರವಿಲ್ಲ. ಸಂಗೀತಕ್ಕೆ ಕಿವಿಗೊಡದವನು ಸಂಗೀತದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಲೇಸೆಂದು ಎಲ್ಲರೂ ಒಪ್ಪುತ್ತಾರೆ. ಸವಣೂರಿನ ವೀಳ್ಯದೆಲೆಯ ರುಚಿಯನ್ನು ಅದನ್ನು ಅಗಿದವನಿಂದಲೇ ಕೇಳಬೇಕು. ಆದರೆ ಒಂದು ವಸ್ತುವಿನ ಮಟ್ಟಿಗೆ ಮಾತ್ರ ಈ ನ್ಯಾಯವೆಲ್ಲ ತಲೆಕೆಳಗಾಗಿದೆ. ವಿಡಿಯೊ ಗೇಮಿನ ಮೇಲೆ ತೀರ್ಪು ಕೊಡುವ ಅಧಿಕಾರ ಅದನ್ನು ಒಮ್ಮೆಯೂ ಆಡದವರ ಕೈಯಲ್ಲಿದೆ. ಆಡಿದವರು ಕಟಕಟೆಯಲ್ಲಿ ನಿಂತಿದ್ದಾರೆ. ಅವರ ಸಾಕ್ಷ್ಯವನ್ನು ಕೇಳುವವರಿಲ್ಲ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ, ಈಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿ, ಹಬ್ಬಕ್ಕೊಮ್ಮೆ ಊರಿಗೆ ಹೋಗಿ ಬರುವ ಓದುಗರು ಈ ಪುಟವನ್ನು ಓದುತ್ತಿರಬಹುದು. ಅವರಿಗೆ ಈ ಮಾತು ಚೆನ್ನಾಗಿ ಗೊತ್ತು. ಮನೆಯ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕುಳಿತ ಹುಡುಗನನ್ನು ಕಂಡೊಡನೆ ಹಿರಿಯರು ಅನ್ನುವುದು ಒಂದೇ: ‘ಆಟ ಆಡಿ ಆಡಿ ಹಾಳಾಗ್ಯಾನ ನೋಡ್ರಿ.’ ಯಾವ ಆಟ ಎಂದು ಕೇಳಿ ನೋಡಿ. ಹೇಳಲು ಬರುವುದಿಲ್ಲ. ಗುಂಡು ಹಾರಿಸುವುದೋ, ಹಣ ಒಡ್ಡುವುದೋ, ಚೆಂಡು ಹೊಡೆಯುವುದೋ, ಅವರಿಗೆ ಎಲ್ಲವೂ ಒಂದೇ. ಕಾದಂಬರಿಗೂ ಪಂಚಾಂಗಕ್ಕೂ ವ್ಯತ್ಯಾಸ ಕಾಣದವನು ‘ಪುಸ್ತಕಗಳು ಕೆಟ್ಟವು’ ಎಂದರೆ ನಾವು ನಗುತ್ತೇವೆ. ಇಲ್ಲಿ ಮಾತ್ರ ತಲೆದೂಗುತ್ತೇವೆ.

ವಾದಕ್ಕೆ ಒಂದು ಸಾಧಾರಣ ಆಟವನ್ನೇ ತೆಗೆದುಕೊಳ್ಳೋಣ. ರಕ್ತವಿಲ್ಲ, ಬಂದೂಕಿಲ್ಲ, ಜೂಜಿಲ್ಲ: ಕಡಲತೀರದ ವಾಲಿಬಾಲನ್ನು ಪರದೆಯ ಮೇಲೆ ಆಡುವ ಆಟ. ಅದನ್ನು ಆಡಿದವರು ಏನೆಂದರು, ಆ ಮಾತಿಗೆ ತೂಕವಿದೆಯೋ ಇಲ್ಲವೋ ಎಂಬುದನ್ನು ನೋಡೋಣ.

ಈ ನಾಲ್ಕು ತಾಲ್ಲೂಕುಗಳಿಗೆ ಕಡಲಿಲ್ಲವೆಂಬುದು ನಿಜ. ಹಾನಗಲ್ಲಿನಿಂದ ಶಿರಸಿಗೆ ಹೋಗಿ, ಘಟ್ಟವಿಳಿದು ಕುಮಟೆ ಸೇರಿದರೆ ಕಡಲು. ಆದರೆ ವಾಲಿಬಾಲು ಇಲ್ಲಿಗೆ ಪರಕೀಯವಲ್ಲ. ೧೮೯೫ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ಶಿಕ್ಷಕ ಕಲ್ಪಿಸಿದ ಈ ಆಟಕ್ಕೆ ಬೇಕಾದದ್ದು ಎರಡು ಕಂಬ, ಒಂದು ಬಲೆ, ಒಂದು ಚೆಂಡು, ಇಷ್ಟೇ. ಆದ್ದರಿಂದಲೇ ಅದು ಶಾಲೆಯ ಬಯಲಿಗೂ ಕಣದ ಅಂಚಿಗೂ ಹೊಂದಿಕೊಂಡುಬಿಟ್ಟಿತು. ಹೊಲದ ಕೆಲಸ ಮುಗಿಸಿ ಬಂದವನು, ಕಾಲೇಜಿನಿಂದ ಬಸ್ಸಿಳಿದವನು, ಕಿರಾಣಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದವನು, ಎಲ್ಲರೂ ಸಂಜೆ ಒಂದೇ ಅಂಕಣದಲ್ಲಿ ನಿಲ್ಲಬಹುದಾದ ಆಟವಿದು.

ಆ ಅಂಕಣದ ಅಂಚಿನಲ್ಲಿ ಕುಳಿತು ನೋಡುವವರ ಮಾತನ್ನು ಕೇಳಿದ್ದೀರಾ? ದೀಪಾವಳಿಯ ನಂತರ ಹೋರಿ ಬೆದರಿಸುವ ಹಬ್ಬದಲ್ಲಿ ಹೋರಿಯ ಓಟವನ್ನು ಅಳೆಯುವ ಕಣ್ಣುಗಳೇ ಇಲ್ಲಿಯೂ ಕುಳಿತಿರುತ್ತವೆ. ಬಲೆಯ ಮೇಲೆ ಹಾರಿ ಚೆಂಡನ್ನು ಅಪ್ಪಳಿಸಿದವನಿಗೆ ಎಳೆಯರು ಚಪ್ಪಾಳೆ ತಟ್ಟಿದರೆ, ಬಲ್ಲವರು ಬೇರೆಯೇ ಮಾತನಾಡುತ್ತಾರೆ: ‘ಹೊಡದಾಂವನ್ನ ಏನ್ ನೋಡ್ತೀರಿ, ಎತ್ತಿ ಕೊಟ್ಟಾಂವನ್ನ ನೋಡ್ರಿ!’ ಈ ಒಂದು ವಾಕ್ಯದಲ್ಲಿ ಒಂದು ವಿಮರ್ಶಾಸಿದ್ಧಾಂತವೇ ಅಡಗಿದೆ. ಕಣ್ಣಿಗೆ ಹೊಡೆಯುವ ಗುಣವನ್ನು ಯಾರೂ ಕಾಣಬಲ್ಲರು. ಅದನ್ನು ಸಾಧ್ಯವಾಗಿಸಿದ ಗುಣವನ್ನು ಕಾಣಲು ತಾನೂ ಆಡಿರಬೇಕು. ಬೆರಳಿನ ತುದಿಗೆ ಚೆಂಡಿನ ಭಾರ ತಾಗಿದ ನೆನಪಿರಬೇಕು.

ಕಡಲತೀರದ ವಾಲಿಬಾಲಿನಲ್ಲಿ ಈ ಮಾತು ಇನ್ನೂ ಮೊನಚಾಗುತ್ತದೆ. ೧೯೯೬ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಪದಕದ ಆಟವಾಗಿ ಸೇರಿದ ಈ ಪ್ರಕಾರದಲ್ಲಿ ಪ್ರತಿ ಕಡೆಗೂ ಆರು ಮಂದಿಯಿಲ್ಲ, ಇಬ್ಬರೇ. ಅಂಕಣ ಹದಿನೆಂಟು ಮೀಟರಿನ ಬದಲು ಹದಿನಾರು ಮೀಟರ್ ಉದ್ದ, ಎಂಟು ಮೀಟರ್ ಅಗಲ. ಕಾಲ ಕೆಳಗೆ ಮರಳು. ಬದಲಿ ಆಟಗಾರನಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ಚೆಂಡನ್ನು ಆಚೆ ಇಳಿಸುವ ಜಾಣತನಕ್ಕೂ ಅಪ್ಪಣೆಯಿಲ್ಲ. ಬಲೆಯ ಬಳಿ ತಡೆಯಲು ಹೋದಾಗ ಚೆಂಡು ಕೈಗೆ ತಾಗಿದರೆ ಅದನ್ನೂ ಮೂರು ಮುಟ್ಟುಗಳಲ್ಲಿ ಒಂದೆಂದು ಎಣಿಸುತ್ತಾರೆ. ಹೀಗಾಗಿ ಒಬ್ಬನು ಎತ್ತಿದ್ದನ್ನು ಇನ್ನೊಬ್ಬನೇ ಹೊಡೆಯಬೇಕು. ಒಬ್ಬನು ಬಿಟ್ಟದ್ದನ್ನು ಇನ್ನೊಬ್ಬನೇ ಓಡಿ ಹಿಡಿಯಬೇಕು. ಜೊತೆಗಾರನೇ ಈ ಆಟದ ತಿರುಳು. ಅವನನ್ನು ತೆಗೆದರೆ ಉಳಿಯುವುದು ಮರಳು, ಬಿಸಿಲು ಮಾತ್ರ.

ಇನ್ನು ಪರದೆಯ ಆಟಕ್ಕೆ ಬರೋಣ. ಜಪಾನಿನ ಸೆಗಾ ಕಂಪನಿಯವರು ೨೦೦೧ರಲ್ಲಿ ಕಾಸು ಹಾಕಿ ಆಡುವ ಯಂತ್ರಕ್ಕಾಗಿ ‘ಬೀಚ್ ಸ್ಪೈಕರ್ಸ್’ ಎಂಬ ಆಟವನ್ನು ತಂದರು. ೨೦೦೨ರಲ್ಲಿ ಅದು ಮನೆಯಲ್ಲಿ ಆಡುವ ಗೇಮ್‌ಕ್ಯೂಬ್ ಯಂತ್ರಕ್ಕೂ ಬಂತು. ಇಂಥ ಆಟಗಳಿಗೆ ಆರ್ಕೇಡ್ ಆಟವೆನ್ನುತ್ತಾರೆ. ಅವುಗಳ ಧರ್ಮವೇ ಬೇರೆ. ಕಾಸು ಹಾಕಿ ನಿಂತವನಿಗೆ ನಿಯಮಗಳ ಪುಸ್ತಕ ಓದುವ ತಾಳ್ಮೆಯಿಲ್ಲ. ಮೊದಲ ನಿಮಿಷದಲ್ಲೇ ಆಟ ಕೈಗೆ ಹತ್ತಬೇಕು, ಆದರೆ ನೂರನೆಯ ಆಟದಲ್ಲೂ ಕಲಿಯುವುದು ಉಳಿದಿರಬೇಕು. ಒಂದೆರಡು ಗುಂಡಿಗಳಲ್ಲೇ ಎಲ್ಲ ಕೆಲಸ. ಚೆಂಡು ಬೀಳುವ ಜಾಗಕ್ಕೆ ಮೊದಲೇ ಹೋಗಿ ನಿಲ್ಲಬೇಕು. ಗುಂಡಿಯನ್ನು ಒತ್ತುವ ಹದದಲ್ಲೇ ಹೊಡೆತದ ಬಲವಿದೆ. ‘ಹದ’ ಎಂಬ ಈ ಪದವನ್ನು ನಾನು ಬೇಕೆಂದೇ ಬಳಸಿದ್ದೇನೆ. ರೊಟ್ಟಿಯ ಹಿಟ್ಟಿಗೂ ಬಿತ್ತನೆಯ ನೆಲಕ್ಕೂ ನಾವು ಹೇಳುವ ಹದವೇ ಇದು. ಟೈಮಿಂಗ್ ಎಂಬ ಪದ ಬರಿಯ ಕಾಲವನ್ನು ಹೇಳುತ್ತದೆ. ಹದವೆಂದರೆ ಕಾಲವೂ ಹೌದು, ಕೈಯ ಎಚ್ಚರವೂ ಹೌದು.

ಈ ಆಟವನ್ನು ಆಡಿದವರು ಜಗತ್ತಿನಾದ್ಯಂತ ಏನೆಂದರು? ಮೊದಲನೆಯದಾಗಿ, ಇದು ಕೈಗೆ ಹಿತವಾಗಿದೆ, ಮರಳಿನ ಮೇಲೆ ದೇಹ ಚಲಿಸುವ ರೀತಿ ಸಹಜವಾಗಿದೆ ಎಂದರು. ಎರಡನೆಯದಾಗಿ, ನಾಲ್ಕು ಜನ ಗೆಳೆಯರು ಒಟ್ಟಿಗೆ ಕುಳಿತು ಇಬ್ಬಿಬ್ಬರಾಗಿ ಆಡಿದಾಗ ಇದಕ್ಕೆ ಸಾಟಿಯಾದದ್ದು ವಿರಳವೆಂದರು. ಮೂರನೆಯದಾಗಿ, ಒಬ್ಬನೇ ಆಡಲು ಕುಳಿತರೆ ಸರಕು ಕಡಮೆ, ಬೇಗ ಮುಗಿದುಹೋಗುತ್ತದೆ ಎಂದು ಗೊಣಗಿದರು. ನಾಲ್ಕನೆಯ ದೂರೇ ಎಲ್ಲಕ್ಕಿಂತ ದೊಡ್ಡದು: ಒಬ್ಬನೇ ಆಡುವಾಗ ಯಂತ್ರ ಕೊಡುವ ಜೊತೆಗಾರ್ತಿ ಮೊದಮೊದಲು ಏನೂ ಅರಿಯದವಳು. ಸುಲಭದ ಚೆಂಡನ್ನೂ ಕೈಚೆಲ್ಲುತ್ತಾಳೆ. ಪಂದ್ಯಾವಳಿ ಮುಗಿದ ಮೇಲೆ ದೊರೆಯುವ ಅಂಕಗಳನ್ನು ಅವಳ ಒಂದೊಂದು ಗುಣಕ್ಕೂ ಹಂಚಿ, ಅವಳನ್ನು ಮೆಲ್ಲಮೆಲ್ಲಗೆ ತಿದ್ದಿ ಮೇಲೆತ್ತಬೇಕು. ‘ನನ್ನ ತಪ್ಪಿಲ್ಲದೆ ಸೋಲುವುದು ಯಾವ ನ್ಯಾಯ?’ ಎಂಬುದು ಕೆಲವರ ದೂರು. ‘ಅವಳನ್ನು ತಿದ್ದುವುದೇ ಆಟ’ ಎಂಬುದು ಇನ್ನು ಕೆಲವರ ಉತ್ತರ.

ಈಗ ಹೇಳಿ, ಈ ಮಾತುಗಳು ಪೋಲಿ ಹುಡುಗರ ಹರಟೆಯೇ? ಒಂದು ಕೃತಿಯ ರೂಪ, ಅದರ ಮಿತಿ, ಅದು ತಾನು ಹೊತ್ತುಕೊಂಡ ವಸ್ತುವಿಗೆ ನ್ಯಾಯ ಸಲ್ಲಿಸಿದೆಯೇ ಎಂಬ ಪ್ರಶ್ನೆ, ಇವೆಲ್ಲ ಇಲ್ಲಿವೆ. ಜೊತೆಗಾರ್ತಿಯ ವಿಷಯದ ವಿವಾದವಂತೂ ನೇರವಾಗಿ ಆಟದ ತಿರುಳನ್ನೇ ಮುಟ್ಟುತ್ತದೆ. ಕಡಲತೀರದ ವಾಲಿಬಾಲಿನ ಜೀವವೇ ಇಬ್ಬರ ನಡುವಣ ನಂಬುಗೆಯಾದರೆ, ಯಂತ್ರವು ಆ ನಂಬುಗೆಯನ್ನು ಹುಟ್ಟಿಸಬಲ್ಲುದೇ? ಅಂಕ ಹಂಚಿ ಗೆಳೆತನವನ್ನು ಬೆಳೆಸಬಹುದೇ? ನನ್ನ ಮಟ್ಟಿಗೆ, ದೂರಿದವರದೂ ಸರಿ, ಉತ್ತರಿಸಿದವರದೂ ಸರಿ. ಆದರೆ ದೂರಿದವರ ಮಾತಿನಲ್ಲಿ ಹೆಚ್ಚಿನ ಸತ್ಯವಿದೆ. ಅಂಕಣದ ಮೇಲೆ ಎಡವಿದ ಗೆಳೆಯನ ಕಣ್ಣಿನಲ್ಲಿ ನಾಚಿಕೆಯಿರುತ್ತದೆ. ಮುಂದಿನ ಚೆಂಡಿಗೆ ಅವನು ಎರಡು ಪಟ್ಟು ಓಡುತ್ತಾನೆ. ಯಂತ್ರದ ಜೊತೆಗಾರ್ತಿ ನಾಚುವುದಿಲ್ಲ. ಆದ್ದರಿಂದ ನಾಲ್ವರು ಗೆಳೆಯರು ಕೂಡಿದಾಗ ಈ ಆಟ ಹೊಳೆಯುತ್ತದೆ, ಒಬ್ಬನೇ ಕುಳಿತಾಗ ಮಂಕಾಗುತ್ತದೆ ಎಂಬ ತೀರ್ಮಾನಕ್ಕೆ ಆಟಗಾರರು ತಾವಾಗಿಯೇ ಬಂದರು. ಮಕ್ಕಳು ಒಂಟಿಯಾಗಿ ಪರದೆಯ ಮುಂದೆ ಕೂರುತ್ತಾರೆಂದು ಅಳುವ ಹಿರಿಯರು ಈ ಮಾತನ್ನು ಕೇಳಿದ್ದರೆ ತಮ್ಮ ಪರವಾದ ಸಾಕ್ಷಿಯೇ ಅಲ್ಲಿತ್ತೆಂದು ಕಾಣುತ್ತಿತ್ತು. ಆದರೆ ಅವರು ಕೇಳಲಿಲ್ಲ.

ಮೈ ಪ್ರದರ್ಶನದ ಪ್ರಶ್ನೆಯಲ್ಲೂ ಹೀಗೆಯೇ. ಈ ಆಟದಲ್ಲಿ ಆಡುವವರೆಲ್ಲ ಹೆಂಗಸರು, ಈಜುಡುಗೆ ತೊಟ್ಟವರು. ಸಭ್ಯರು ಮೂಗುಮುರಿಯುತ್ತಾರೆ. ಆದರೆ ೨೦೦೩ರಲ್ಲಿ ಟೆಕ್ಮೊ ಕಂಪನಿಯವರು ತಂದ ಇನ್ನೊಂದು ಕಡಲತೀರದ ವಾಲಿಬಾಲ್ ಆಟ ವಾಲಿಬಾಲಿಗಿಂತ ಮೈಯನ್ನೇ ಬಂಡವಾಳ ಮಾಡಿಕೊಂಡಾಗ, ‘ಇಲ್ಲಿ ಚೆಂಡು ನೆಪಮಾತ್ರ’ ಎಂದು ಹೇಳಿದವರಲ್ಲಿ ಆಟಗಾರರೂ ಇದ್ದರು. ಎರಡರಲ್ಲೂ ಉಡುಗೆ ಒಂದೇ ಬಗೆಯದು. ಒಂದರಲ್ಲಿ ಆಟವಿತ್ತು, ಇನ್ನೊಂದರಲ್ಲಿ ಕಡಮೆಯಿತ್ತು. ದೂರದಿಂದ ನೋಡಿದವನಿಗೆ ಈ ಭೇದ ತಿಳಿಯಲಾರದು. ನಿಜವಾದ ಆಟದಲ್ಲಿಯೂ ಉಡುಗೆಯ ತಕರಾರು ಬಹುಕಾಲವಿತ್ತು. ೨೦೧೨ರಲ್ಲಿ ಅಂತರರಾಷ್ಟ್ರೀಯ ವಾಲಿಬಾಲ್ ಒಕ್ಕೂಟವೇ ನಿಯಮ ಸಡಿಲಿಸಿ, ತೋಳಿರುವ ಅಂಗಿಗೂ ಮೊಣಕಾಲಿನತನಕದ ಚಡ್ಡಿಗೂ ಒಪ್ಪಿಗೆ ಕೊಟ್ಟಿತು.

‘ಪರದೆಯ ಆಟವೇಕೆ, ಬಯಲಿಗೆ ಹೋಗಿ ಆಡಲಿ’ ಎಂಬ ಉಪದೇಶವನ್ನು ಈಗ ನೋಡೋಣ. ಮಾತು ಚಂದವಾಗಿದೆ. ಆದರೆ ಮಳೆಗಾಲದಲ್ಲಿ ಹಾನಗಲ್ಲು, ಹಿರೇಕೆರೂರಿನ ಬಯಲುಗಳ ಸ್ಥಿತಿಯನ್ನು ಕಂಡವರು ಈ ಉಪದೇಶವನ್ನು ಇಷ್ಟು ಸಲೀಸಾಗಿ ಕೊಡಲಾರರು. ಮಲೆನಾಡಿನ ಸೆರಗಿನ ಈ ನೆಲ ತಿಂಗಳುಗಟ್ಟಲೆ ಕೆಸರಾಗಿರುತ್ತದೆ. ಗೋವಿನಜೋಳದ ಹೊಲಕ್ಕೆ ಅದು ಹಿತ, ವಾಲಿಬಾಲಿಗಲ್ಲ. ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಒಣ ಬಯಲೇ ಸಿಕ್ಕಿತೆನ್ನಿ. ಸಂಜೆ ಆ ಅಂಕಣದ ಮೇಲೆ ಯಾರಿರುತ್ತಾರೆ? ಹುಡುಗರು. ಶಾಲೆಯ ತಂಡದಲ್ಲಿ ಬಲೆಯ ಮುಂದೆ ಹಾರಿ ಹೊಡೆದ ಹುಡುಗಿ ಶಾಲೆ ಬಿಟ್ಟ ಮೇಲೆ ಊರ ಅಂಕಣಕ್ಕೆ ಬರುವುದು ಎಷ್ಟು ಊರುಗಳಲ್ಲಿ ಉಂಟು? ಅವಳಿಗೆ ಉಳಿದ ವಾಲಿಬಾಲು ಅಣ್ಣನ ಮೊಬೈಲಿನಲ್ಲಿರುವುದಷ್ಟೇ ಆಗಿದ್ದರೆ, ಅದನ್ನೂ ಕಸಿದುಕೊಂಡು ‘ಬಯಲಿಗೆ ಹೋಗು’ ಎನ್ನುವುದು ಉಪದೇಶವಲ್ಲ, ಅಣಕ. ಬಯಲಿನ ಪಕ್ಷಪಾತಿಗಳು ಮೊದಲು ಅವಳಿಗೆ ಬಯಲು ಕೊಡಲಿ. ಆಮೇಲೆ ಪರದೆಯ ಮೇಲೆ ಯುದ್ಧ ಸಾರಲಿ.

ಎರಡನೆಯ ಆಕ್ಷೇಪ ಹಣದ್ದು, ಚಟದ್ದು. ಇದು ಹುರುಳಿಲ್ಲದ ಮಾತಲ್ಲ. ಆಟದ ಚಟ ರೋಗದ ಮಟ್ಟಕ್ಕೇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಒಪ್ಪಿದ ತನ್ನ ರೋಗಗಳ ಪಟ್ಟಿಯಲ್ಲಿ ಹೇಳಿದೆ. ಆನ್‌ಲೈನ್ ಜೂಜಿನಲ್ಲಿ ಸಂಸಾರಗಳು ಮುಳುಗಿದ್ದೂ ಸುಳ್ಳಲ್ಲ. ಆದರೆ ಮದ್ದು ಹುಡುಕುವಾಗ ಏನಾಯಿತೆಂಬುದನ್ನು ನೆನೆಯಿರಿ. ೨೦೨೧ರಲ್ಲಿ ಕರ್ನಾಟಕ ಸರಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು, ಹಣ ಒಡ್ಡುವ ಆನ್‌ಲೈನ್ ಆಟಗಳಲ್ಲಿ ಕೌಶಲದ್ದು ಯಾವುದು, ಅದೃಷ್ಟದ್ದು ಯಾವುದು ಎಂದು ಬೇರ್ಪಡಿಸದೆ ಎಲ್ಲವನ್ನೂ ಒಟ್ಟಿಗೆ ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕೇಂದ್ರದ ಕಾಯಿದೆ ಹಣದ ಆಟಗಳನ್ನು ಬೇರೆ ಮಾಡಿ ನಿಷೇಧಿಸಿ, ಇ-ಕ್ರೀಡೆಯನ್ನೂ ವಿನೋದದ ಆಟಗಳನ್ನೂ ಪ್ರತ್ಯೇಕವಾಗಿ ಗುರುತಿಸಿತು. ಕಾನೂನಿಗೆ ಕಂಡ ಈ ಭೇದ ನಮ್ಮ ಮನೆಯ ಜಗುಲಿಗೆ ಇನ್ನೂ ಕಂಡಿಲ್ಲ.

ಈ ಭೇದವನ್ನು ಯಾರು ಕಾಯಬೇಕು? ಪೊಲೀಸರು ಪ್ರತಿ ಮನೆಯ ಮೊಬೈಲನ್ನು ಇಣುಕಲಾರರು. ‘ಮೂರು ಪಂದ್ಯ ಗೆದ್ದ ಮೇಲೆ ಈ ಆಟ ಬೇಕೆಂದೇ ಸೋಲಿಸುತ್ತದೆ, ದುಡ್ಡು ಕೊಟ್ಟರೆ ಮಾತ್ರ ಒಳ್ಳೆಯ ಆಟಗಾರ ಸಿಗುತ್ತಾನೆ’ ಎಂಬ ಗುಟ್ಟು ಮೊದಲು ತಿಳಿಯುವುದು ಆಡುವವನಿಗೆ. ‘ಎರಡು ಸರ್ವಿಸಿಗೊಮ್ಮೆ ಜಾಹೀರಾತು ಬರುತ್ತದೆ’ ಎಂದು ಹೇಳಬಲ್ಲವನೂ ಅವನೇ. ಅವನ ಬಾಯಿ ಮುಚ್ಚಿಸಿದರೆ ಊರಿನ ಕಾವಲುಗಾರನ ಬಾಯಿಯನ್ನೇ ಮುಚ್ಚಿಸಿದಂತೆ. ‘ಆಟ ಆಡಿದೆಯಾ?’ ಎಂದು ಗದರಿಸುವ ಮನೆಯಲ್ಲಿ ಹುಡುಗ ಮೋಸಹೋದದ್ದನ್ನೂ ಹೇಳುವುದಿಲ್ಲ. ‘ಆ ಆಟ ಹೆಂಗೈತಿ?’ ಎಂದು ಕೇಳುವ ಮನೆಯಲ್ಲಿ ಮಾತ್ರ ಅವನು ಬಾಯಿ ಬಿಡುತ್ತಾನೆ. ಅಭಿಪ್ರಾಯ ಕೇಳುವುದೆಂದರೆ ಮುದ್ದು ಮಾಡುವುದಲ್ಲ. ಅದು ಮನೆಯ ರಕ್ಷಣೆಯ ಮೊದಲ ಬಾಗಿಲು.

ಇಷ್ಟು ಹೇಳಿ ಆಟಗಾರರನ್ನು ಹೊಗಳಿ ಮುಗಿಸಿದರೆ ಪಕ್ಷಪಾತವಾದೀತು. ನಮ್ಮ ಹುಡುಗರ ಅಭಿಪ್ರಾಯಗಳ ದಾರಿದ್ರ್ಯವನ್ನೂ ನೋಡಬೇಕು. ‘ಸೂಪರ್’, ‘ವೇಸ್ಟ್’, ಐದು ನಕ್ಷತ್ರ, ಒಂದು ನಕ್ಷತ್ರ, ಇಷ್ಟರಲ್ಲಿ ಮುಗಿಯಿತು. ಅದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಅಂಕಣದ ಅಂಚಿನಲ್ಲಿ ಕುಳಿತ ಅವರದೇ ಚಿಕ್ಕಪ್ಪ ಒಂದು ಚೆಂಡನ್ನು ಕುರಿತು ಹತ್ತು ಮಾತು ಆಡಬಲ್ಲ. ಇವರಿಗೆ ಒಂದು ಆಟವನ್ನು ಕುರಿತು ಎರಡು ಮಾತು ಇಲ್ಲ. ಎತ್ತು, ತಟ್ಟು, ತಡೆ, ಹೊಡೆತ, ಹದ, ಬಿಗಿ, ಸಡಿಲ, ಓಟ, ಹಿಡಿತ: ಕನ್ನಡದಲ್ಲಿ ಪದಗಳಿಗೆ ಬರವೇ? ಚೆಂಡಿಗೆ ಭಾರವಿಲ್ಲದಿದ್ದರೆ ‘ಹತ್ತಿಯಂಗೆ ಹಾರತೈತಿ’ ಎನ್ನಲು ಯಾರ ಅಪ್ಪಣೆ ಬೇಕು? ನಕ್ಷತ್ರ ಎಣಿಸುವುದು ಜೋತಿಷಿಯ ಕೆಲಸ; ಆಡಿದವನು ಮಾತನಾಡಬೇಕು.

ಈ ನೆಲದ ಹಿರಿಯರೇ ನಮಗೆ ಈ ವಿಷಯದಲ್ಲಿ ಪಾಠ ಹೇಳಿದ್ದಾರೆ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ಜಗಳ ಬಿದ್ದಾಗ ರಾಮ ಒಡನೆಯೇ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿ ಪರೀಕ್ಷಿಸಿದ. ಕುಲೀನವಾದ ಅಕ್ಕಿ ಸೊರಗಿತು, ಎಲ್ಲರೂ ಕೀಳೆಂದ ರಾಗಿ ಗಟ್ಟಿಯಾಗಿ ಉಳಿಯಿತು. ಪರೀಕ್ಷಿಸದೆ ಮೇಲುಕೀಳು ಹೇಳಬಾರದೆಂಬ ಆ ನೀತಿ ಧಾನ್ಯಕ್ಕೆ ಮಾತ್ರ ಸೀಮಿತವಲ್ಲ.

ಹಾನಗಲ್ಲನ್ನು ಜನ ವಿರಾಟನ ಕೋಟೆಯೆನ್ನುತ್ತಾರೆ. ಪಾಂಡವರ ಅಜ್ಞಾತವಾಸ ಇಲ್ಲೇ ನಡೆಯಿತೆಂಬ ನಂಬಿಕೆಯಿದೆ. ಆ ಕಥೆಯಲ್ಲಿ ಕೌರವರನ್ನು ಗೆದ್ದು ಉತ್ತರಕುಮಾರ ಮರಳುತ್ತಿದ್ದಾಗ, ವಿರಾಟ ಪಗಡೆಯ ಹಾಸಿನ ಮುಂದೆ ಕುಳಿತು ಮಗನನ್ನು ಹೊಗಳುತ್ತಿದ್ದ. ಜೊತೆಗೆ ಆಡುತ್ತಿದ್ದ ಕಂಕ ‘ಬೃಹನ್ನಳೆ ಸಾರಥಿಯಾಗಿದ್ದಾಗ ಗೆಲ್ಲದಿರುವುದೆಂತು?’ ಎಂದ. ಅರಸನಿಗೆ ಸಿಟ್ಟು ಬಂತು. ಕೈಯಲ್ಲಿದ್ದ ದಾಳವನ್ನೇ ಕಂಕನ ಮುಖಕ್ಕೆ ಎಸೆದ. ಮೂಗಿನಿಂದ ನೆತ್ತರು ಸುರಿಯಿತು. ಕಂಕ ಹೇಳಿದ್ದು ಅಂಕಣದ ಅಂಚಿನ ಬಲ್ಲವರ ಮಾತನ್ನೇ: ಹೊಡೆದವನನ್ನಲ್ಲ, ಎತ್ತಿ ಕೊಟ್ಟವನನ್ನು ನೋಡು. ಆಮೇಲೆ ಉತ್ತರಕುಮಾರ ಬಂದು ‘ಗೆದ್ದವನು ನಾನಲ್ಲ’ ಎಂದು ತಾನಾಗಿಯೇ ಒಪ್ಪಿಕೊಂಡ. ರಣದಲ್ಲಿದ್ದವನಿಗೆ ಸತ್ಯ ತಿಳಿದಿತ್ತು. ಅರಮನೆಯಲ್ಲಿ ಕುಳಿತವನಿಗೆ ದಾಳ ಎಸೆಯುವುದಷ್ಟೇ ತಿಳಿದಿತ್ತು.

ನಮ್ಮ ಮನೆಗಳಲ್ಲಿ ಇಂದು ದಾಳ ಎಸೆಯುವ ವಿರಾಟರಿಗೆ ಬರವಿಲ್ಲ. ಕೊರತೆಯಿರುವುದು ಉತ್ತರನಂತೆ ಇದ್ದದ್ದನ್ನು ಇದ್ದಂತೆ ಹೇಳುವ ಆಟಗಾರರಿಗೆ, ಅವರ ಮಾತಿಗೆ ಜಾಗ ಕೊಡುವ ಪತ್ರಿಕೆಗಳಿಗೆ. ಸಿನಿಮಾಕ್ಕೆ ಪ್ರತಿ ವಾರ ಅಂಕಣವಿದೆ, ಪುಸ್ತಕಕ್ಕೆ ಪುಟವಿದೆ, ಲಕ್ಷಾಂತರ ಕನ್ನಡ ಮಕ್ಕಳು ದಿನವೂ ಆಡುವ ಆಟಗಳಿಗೆ ಅರ್ಧ ಕಾಲಮ್ಮೂ ಇಲ್ಲವೆಂದರೆ ಅದು ಅಭಿರುಚಿಯಲ್ಲ, ಅಸಡ್ಡೆ. ಹಿರೇಕೆರೂರಿನ ಹುಡುಗಿ ಒಬ್ಬಳು ‘ಈ ವಾಲಿಬಾಲಿನಲ್ಲಿ ಜೊತೆಗಾರ್ತಿ ಕಲ್ಲಿನಂಗ ನಿಂತಿರತಾಳ’ ಎಂದು ಕನ್ನಡದಲ್ಲಿ ಬರೆದು ಕಳಿಸಿದರೆ ಅದನ್ನು ಅಚ್ಚು ಹಾಕುವ ಧೈರ್ಯ ನಮಗಿರಬೇಕು.

ವಿರಾಟ ಕಡೆಗೆ ಕಂಕನ ಕ್ಷಮೆ ಕೇಳಿದ. ನಮ್ಮ ಹಿರಿಯರಿಗೆ ಅಷ್ಟು ದೊಡ್ಡ ಶಿಕ್ಷೆ ಬೇಡ. ಬೈಯುವ ಮುನ್ನ ಮಗನ, ಮಗಳ ಪಕ್ಕದಲ್ಲಿ ಕುಳಿತು ಒಂದು ತಾಸು ಅದೇ ಆಟವನ್ನು ಜೊತೆಗೂಡಿ ಆಡಲಿ. ಮೊದಲ ಹತ್ತು ಚೆಂಡುಗಳು ಮರಳಿಗೆ ಬಿದ್ದ ಮೇಲೆ ತೀರ್ಪು ಕೊಡುವ ಅವಸರ ತಾನಾಗಿಯೇ ಇಳಿಯುತ್ತದೆ.